ಅಕ್ಕಿಯ ಮೇಲೆ ಬರೆದ ಹೆಸರು

ನನಗೆ ಎರಡು ಹೆಸರುಗಳಿವೆ. ನಮ್ಮ ಧಾರವಾಡದ ಕಡೆ ನನ್ನ ವಯಸ್ಸಿನ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಉಸುರಿದ ಹೆಸರು ಗೋದಾವರಿ. 1988ರಲ್ಲಿ ಮದುವೆಯಾದಾಗ ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ನಮ್ಮವರು ಉಂಗುರದಿಂದ ಬರೆದ ಹೆಸರು ಶೈಲಜಾ. ಅತ್ತೆಯವರ ಹೆಸರೂ ಗೋದಾವರಿಯೇ. ಸೊಸೆಯನ್ನು ಹೆಸರು ಹಿಡಿದು ಗದರಿಸಿದರೆ ಅತ್ತೆಯನ್ನೇ ಗದರಿಸಿದಂತಾಗುವ ಮನೆಯಲ್ಲಿ ಎರಡು ಗೋದಾವರಿಗಳು ಹರಿಯುವುದು ಹೇಗೆ? ಆದ್ದರಿಂದ ಒಂದನ್ನು ತಿರುಗಿಸಿದರು. ಬಂದವರೆಲ್ಲ "ಹೆಸರು ಛಂದ ಅದ" ಎಂದರು. ಆ ಅಕ್ಕಿ ಮರುದಿನ ಪಾಯಸಕ್ಕೆ ಬಿತ್ತು.

ಆದರೆ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡು ಅಕ್ಕಿಯ ತಾಟಿಗಿಂತ ಗಟ್ಟಿ. ನಾನು ಬಿ.ಎಡ್. ಕಾಲೇಜಿನಲ್ಲಿ ನೌಕರಿಗೆ ಸೇರಿದಾಗ ಅಲ್ಲಿಯ ದಫ್ತರದಲ್ಲಿ ಗೋದಾವರಿಯೇ ಉಳಿದಳು. ಹಾಗೆಂದು ಅಲ್ಲಿ ಯಾರಾದರೂ ಆ ಹೆಸರಿನಿಂದ ಕರೆಯುತ್ತಿದ್ದರೆಂದು ತಿಳಿಯಬೇಡಿ. ಕಾಲೇಜಿನಲ್ಲಿ ನಾನು ಮೇಡಂ, ಮನೆಯಲ್ಲಿ ಶೈಲಜಾ. ಗೋದಾವರಿ ಪಗಾರದ ಪಟ್ಟಿಯಲ್ಲಿ ಮಾತ್ರ. "ಗೋದೂ" ಎಂದು ಕೂಗುತ್ತಿದ್ದ ಅವ್ವ 2009ರಲ್ಲಿ ತೀರಿಕೊಂಡ ಮೇಲೆ ಆ ಹೆಸರಿಗೆ ಓಗೊಡುವ ಪ್ರಸಂಗವೇ ಬಂದಿರಲಿಲ್ಲ.

ಹೀಗಿರುವಾಗ 2021ರ ಅಕ್ಟೋಬರಿನಲ್ಲಿ ಸ್ಪೇನ್ ದೇಶದಿಂದ ಒಂದು ಈಮೇಲ್ ಬಂತು. ಬರೆದವರು ಅಲ್ಲಿ ಶಿಕ್ಷಕರನ್ನು ತಯಾರು ಮಾಡುವ, ನನ್ನಂಥ ಒಬ್ಬ ಅಧ್ಯಾಪಕಿ. "ನನಗೆ ಪತ್ರ ಬರೆಯುತ್ತಿರುವವರು ಗೋದಾವರಿ. ನಿನ್ನೆ ಝೂಮ್ ಪರದೆಯ ಮೇಲೆ ಮುಖದ ಕೆಳಗಿದ್ದ ಹೆಸರು ಶೈಲಜಾ. ನೀವಿಬ್ಬರೂ ಸಹೋದ್ಯೋಗಿಗಳೆಂದು ಭಾವಿಸುತ್ತೇನೆ. ಇಬ್ಬರಿಗೂ ನನ್ನ ವಂದನೆಗಳು."

ಓದಿ ನಕ್ಕೆ. ಝೂಮ್ ಖಾತೆಯನ್ನು ಮಾಡಿಕೊಟ್ಟವಳು ನನ್ನ ಸೊಸೆ. ಅವಳಿಗೆ ಗೊತ್ತಿದ್ದ ಹೆಸರು ಅದೊಂದೇ. "ಅದು ದೊಡ್ಡ ಕಥೆ, ಒಂದು ದಿನ ಹೇಳುತ್ತೇನೆ" ಎಂದು ಉತ್ತರ ಬರೆದು ಕೈತೊಳೆದುಕೊಂಡೆ. ತೊಳೆದುಕೊಂಡೆನೆಂದು ಅಂದುಕೊಂಡೆ.

ಸ್ಪೇನಿನ ಸಂಬಂಧ ಹೇಗೆ ಬೆಳೆಯಿತೆಂದು ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ನೌಕರಿಯ ನಿಮಿತ್ತ ಉತ್ತರ ಸ್ಪೇನಿನ ಬಾಸ್ಕ್ ಸೀಮೆಗೆ ಹೋಗಿ ಬಿಲ್ಬಾವೊ ಪಟ್ಟಣದಲ್ಲಿ ಮನೆ ಮಾಡಿದ್ದಳು. ಅಲ್ಲಿ ಪರಿಚಯವಾದ ಈ ಅಧ್ಯಾಪಕಿಗೂ ನನಗೂ ಗಂಟು ಹಾಕಿದವಳು ಅವಳೇ. ಕೊರೋನಾ ಕಾಲದಲ್ಲಿ ನಾವೆಲ್ಲ ಹೇಗೂ ಪರದೆಯ ಮುಂದೆ ಕೂತು ಪಾಠ ಹೇಳುವುದನ್ನು ಕಲಿತಿದ್ದೆವು. ಕಲಿತದ್ದನ್ನು ಇಷ್ಟಕ್ಕಾದರೂ ಬಳಸೋಣವೆಂದು, ಅವರ ಹದಿನಾಲ್ಕು ಮಂದಿ ಭಾವೀ ಶಿಕ್ಷಕರು, ನಮ್ಮ ಹದಿನಾಲ್ಕು ಹುಡುಗಿಯರು, ಮಂಗಳವಾರಕ್ಕೊಮ್ಮೆ ಒಂದು ತಾಸು ಮಾತು, ನಡುವೆ ಬರವಣಿಗೆ, ಹೀಗೆ ನವೆಂಬರ್ ಕೊನೆಯವರೆಗೆ ಎಂದು ಗೊತ್ತು ಮಾಡಿದೆವು. ಇಂಥ ವಿನಿಮಯಗಳು ಹೊಸದೇನಲ್ಲ. 1997ರಲ್ಲಿಯೇ ಅಮೆರಿಕದ ಎಂ.ಐ.ಟಿ.ಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಜಿಲ್ಬೆರ್ತ್ ಫ್ಯುರ್‌ಸ್ಟೆನ್‌ಬರ್ಗ್ ಮತ್ತವರ ಜೊತೆಯವರು ಒಂದು ಉಪಾಯ ಹೂಡಿದ್ದರು. ಅಮೆರಿಕದ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನಾವಳಿ ಕೊಟ್ಟು, ತಮ್ಮ ತಮ್ಮ ಭಾಷೆಯಲ್ಲಿ ತುಂಬಿಸಿ, ಉತ್ತರಗಳನ್ನು ಅಕ್ಕಪಕ್ಕ ಇಡುವುದು. 'ವ್ಯಕ್ತಿವಾದ' ಎಂಬ ಶಬ್ದಕ್ಕೆ ಅಮೆರಿಕದ ಹುಡುಗರು ಸ್ವಾತಂತ್ರ್ಯ ಎಂದು ಬರೆದರೆ, ಫ್ರೆಂಚ್ ಹುಡುಗರು ಸ್ವಾರ್ಥ ಎಂದು ಬರೆದಿದ್ದರು. ಶಬ್ದ ಒಂದೇ, ಆದರೆ ಅದನ್ನು ಕೇಳಿದ ಕೂಡಲೆ ಮನಸ್ಸಿಗೆ ಬರುವುದು ಬೇರೆ ಬೇರೆ.

ನಾವೂ ಅದನ್ನೇ ಮಾಡಿದೆವು. "ಸಭ್ಯ ಮಗು ಎಂದರೆ" ಎಂದು ಅರ್ಧಕ್ಕೆ ಬಿಟ್ಟ ವಾಕ್ಯಕ್ಕೆ ನಮ್ಮ ಹುಡುಗಿಯರು "ಹಿರಿಯರು ಬಂದರೆ ಎದ್ದು ನಿಲ್ಲುವುದು, ಎದುರು ಮಾತಾಡದಿರುವುದು" ಎಂದು ಬರೆದರು. ಆ ಕಡೆಯವರು ಬರೆದದ್ದು "ದಯವಿಟ್ಟು, ಧನ್ಯವಾದ ಎಂದು ಹೇಳುವುದು." ನೀವು ಮನೆಯಲ್ಲಿ ಅಮ್ಮನಿಗೆ ಧನ್ಯವಾದ ಹೇಳುವುದೇ ಇಲ್ಲವೇ ಎಂದು ಅವರಿಗೆ ಆಶ್ಚರ್ಯ. ನಮ್ಮ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿ, "ಅವ್ವಗ ಥ್ಯಾಂಕ್ಸ್ ಅಂದ್ರ ಆಕಿ ಸಿಟ್ಟಿಗೇಳ್ತಾಳ್ರೀ ಮೇಡಂ, ನಾ ಏನ್ ಹೊರಗಿನಾಕೀನ ಅಂತಾಳ. ಇದನ್ನ ಇಂಗ್ಲಿಷಿನಾಗ ಹ್ಯಾಂಗ ಹೇಳೂದ್ರಿ?" ಎಂದಳು. ಹೇಗೋ ಹೇಳಿದಳು. ಅವರಿಗೂ ಇಂಗ್ಲಿಷ್ ಮನೆಯ ಭಾಷೆಯಲ್ಲ, ನಮಗೂ ಅಲ್ಲ. ಇಬ್ಬರೂ ಬಾಡಿಗೆ ಸೈಕಲ್ಲಿನ ಮೇಲೆ ಹೊರಟವರಂತೆ ಇದ್ದೆವಾದ್ದರಿಂದ ಬಿದ್ದರೆ ನಗುವವರಿರಲಿಲ್ಲ.

ಮೊದಲನೆಯ ಕೆಲಸವೆಂದು ಕೊಟ್ಟದ್ದು "ನನ್ನ ಹೆಸರಿನ ಕಥೆ". ಮೊದಲ ದಿನವೇ ನಮ್ಮವಳೊಬ್ಬಳು ಎದುರಿನವಳನ್ನು "ವಾಟ್ ಈಸ್ ಯುವರ್ ಗುಡ್ ನೇಮ್?" ಎಂದು ಕೇಳಿ, "ಕೆಟ್ಟ ಹೆಸರೂ ಒಂದು ಇರಬೇಕೇ?" ಎಂದು ಅವಳು ಗಾಬರಿಯಾಗಿ, ಶುಭನಾಮದ ಅರ್ಥವನ್ನು ನಾನು ಬಿಡಿಸಬೇಕಾಯಿತು. ಆಮೇಲೆ ಅಡ್ಡಹೆಸರುಗಳ ಸರದಿ. ನಮ್ಮ ಕಡೆಯ ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು. ಅವರಲ್ಲೊಬ್ಬಳು ತನ್ನ ಅಡ್ಡಹೆಸರು ಎಚೆಬೆರಿಯಾ, ಬಾಸ್ಕ್ ಭಾಷೆಯಲ್ಲಿ 'ಎಚೆ' ಎಂದರೆ ಮನೆ, 'ಬೆರಿ' ಎಂದರೆ ಹೊಸದು ಎಂದಳು. ಹಿಂದಿನ ಸಾಲಿನಿಂದ ನಮ್ಮ ಹೊಸಮನಿ ಹುಡುಗಿ ಎದ್ದು ನಿಂತುಬಿಟ್ಟಳು! "ಮೇಡಂರೀ, ಅಕಿನೂ ಹೊಸಮನೀನ ರೀ!" ಅಷ್ಟಕ್ಕೇ ಮುಗಿಯಲಿಲ್ಲ. ಗೋವೆಯ ಚರ್ಚಿನಲ್ಲಿ ಯಾರ ದೇಹವನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೋ, ನಮ್ಮ ಎಷ್ಟೋ ಶಾಲೆಗಳಿಗೆ ಯಾರ ಹೆಸರಿದೆಯೋ, ಆ ಸೇಂಟ್ ಝೇವಿಯರ್‌ರ ಹೆಸರೂ ಅದೇ ಮೂಲದಿಂದ ಬಂದದ್ದು. ಅವರ ಮನೆತನದ ಕೋಟೆಮನೆ ಇದ್ದ ಊರಿನ ಹೆಸರು ಅದು. 1552ರಲ್ಲಿ ತೀರಿಹೋದ ಆ ಸಂತರೂ ಒಂದು ಲೆಕ್ಕದಲ್ಲಿ ಹೊಸಮನಿಯವರು ಎಂದು ತಿಳಿದಾಗ ನಮ್ಮ ಹುಡುಗಿಯರಿಗೆ ಆದ ಸಂತೋಷವನ್ನು ನೋಡಬೇಕಾಗಿತ್ತು.

ಹೋಲಿಕೆ ಸಿಕ್ಕಾಗ ಎಲ್ಲರಿಗೂ ಖುಷಿಯೇ. ಆದರೆ ಕಥೆಗಳು ಅಲ್ಲಿಯೇ ನಿಲ್ಲಲಿಲ್ಲ. ಒಬ್ಬಳು ಬಾಸ್ಕ್ ಹುಡುಗಿ ತನ್ನ ಅಜ್ಜಿಯ ವಿಷಯ ಬರೆದಿದ್ದಳು. ಫ್ರಾಂಕೋನ ಆಳ್ವಿಕೆಯಲ್ಲಿ ಬಾಸ್ಕ್ ಹೆಸರುಗಳನ್ನು ಸರಕಾರಿ ಪುಸ್ತಕದಲ್ಲಿ ಬರೆಸುವಂತಿರಲಿಲ್ಲ. ಮನೆಯಲ್ಲಿ ಮಿರೆನ್ ಎಂದು ಕರೆದರೂ ಕಾಗದದಲ್ಲಿ ಮರಿಯಾ ಎಂದೇ ಆಗಬೇಕು. 1977ರ ಜನವರಿಯಲ್ಲಿ ಕಾಯದೆ ಬದಲಾಗುವವರೆಗೆ ಹೀಗೇ. ಆ ಅಜ್ಜಿ ಕೊನೆಯವರೆಗೂ ಆಸ್ಪತ್ರೆಯಲ್ಲಿ ತನ್ನ ಕಾಗದದ ಹೆಸರು ಕೂಗಿದರೆ ಏಳುತ್ತಿರಲಿಲ್ಲವಂತೆ.

ಇದನ್ನು ಓದಿದ ಮರುವಾರ ನಮ್ಮಲ್ಲೊಬ್ಬಳು, ಲಂಬಾಣಿ ತಾಂಡಾದಿಂದ ಬರುತ್ತಿದ್ದವಳು, ಮೂರು ವಾರ ಪರದೆಯ ಮುಂದೆ ಬಾಯಿಯನ್ನೇ ತೆರೆಯದಿದ್ದವಳು, ಒಂದು ಪುಟ ಬರೆದು ತಂದಳು. ಒಂದನೆಯ ಇಯತ್ತೆಗೆ ಹೆಸರು ಹಚ್ಚಲು ಅಪ್ಪ ಕರೆದುಕೊಂಡು ಹೋದಾಗ, ಮನೆಯ ಹೆಸರನ್ನು ಕೇಳಿ ಮಾಸ್ತರರು, "ಇದೇನು ಹೆಸರು, ಸಾಲ್ಯಾಗ ನಡೆಯೂದಿಲ್ಲ" ಎಂದು ತಾವೇ ಒಂದು ಹೆಸರು ಬರೆದುಕೊಂಡರಂತೆ. ಜೊತೆಗೆ ಹುಟ್ಟಿದ ದಿನ ಜೂನ್ 1. (ಈ ಜೂನ್ ಒಂದರ ಮಹಿಮೆ ನಿಮಗೂ ಗೊತ್ತು. ನಮ್ಮ ಹದಿನಾಲ್ವರಲ್ಲಿ ನಾಲ್ವರು ಅಂದೇ ಹುಟ್ಟಿದವರೆಂದು ತಿಳಿದು ಸ್ಪೇನಿನವರು ಏನೋ ನಕ್ಷತ್ರದ ಫಲವಿರಬೇಕೆಂದುಕೊಂಡಿದ್ದರು.) ಒಂದೂವರೆ ವರ್ಷ ಅವಳ ಜೊತೆ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಡಬ್ಬಿಯ ಚಪಾತಿ ತಿಂದ ಗೆಳತಿಯರಿಗೆ ಅವಳ ಮನೆಯ ಹೆಸರು ಗೊತ್ತಾದದ್ದು ಆ ದಿನ. ನನಗೂ ಆ ದಿನವೇ. ಏಳೆಂಟು ಸಾವಿರ ಕಿಲೋಮೀಟರ್ ದೂರದವರು ಕೇಳಬೇಕಾಯಿತು, ನಮ್ಮ ತರಗತಿಯಲ್ಲಿ ನಮಗೆ ತಿಳಿಯಲಿಕ್ಕೆ.

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾದೀತು. ಕರೆಂಟು ಹೋಗುತ್ತಿತ್ತು. ಚೆನ್ನಾಗಿ ಇಂಗ್ಲಿಷ್ ಬರುವ ಇಬ್ಬರೇ ಎಲ್ಲರ ಪಾಲಿನ ಮಾತನ್ನೂ ಆಡಿಬಿಡುತ್ತಿದ್ದರು. ನವೆಂಬರ್ 2ರಂದು, ರಾಜ್ಯೋತ್ಸವದ ಮರುದಿನ, ಎಂದಿನಂತೆ ಮೂರೂವರೆಗೆ ಕೂತರೆ ಆ ಕಡೆ ಯಾರೂ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಮ್ಮ ಹುಡುಗಿಯರ ಮುಖಗಳು ಸಪ್ಪಗಾದವು. "ಅವರಿಗೇನು ಬಿಡ್ರಿ, ನಮ್ಮಂಥವರು ಕಾದರೇನು ಬಿಟ್ಟರೇನು" ಎಂದು ಒಬ್ಬಳು. "ಬಿಳೀ ಮಂದಿ ಹಂಗ ರೀ" ಎಂದು ಇನ್ನೊಬ್ಬಳು. ನಾನೂ ಬೇಡವೆನ್ನಲಿಲ್ಲ, ಒಳಗೊಳಗೆ ಅದನ್ನೇ ಅಂದುಕೊಳ್ಳುತ್ತಿದ್ದೆ. ಹಳ್ಳಿಯ ಬಸ್ಸು ಹಿಡಿಯಬೇಕಾದವರು ಎದ್ದು ಹೋದರು. ಸರಿಯಾಗಿ ನಾಲ್ಕೂವರೆಗೆ ಹದಿನಾಲ್ಕು ನಗುಮುಖಗಳು ಪರದೆಯ ಮೇಲೆ ಬೆಳಗಿದವು. ಇಲ್ಲಿ ಆರೇ ಜನ! ಭಾರತೀಯರಿಗೆ ವೇಳೆಯ ಪರಿವೆಯಿಲ್ಲ ಎಂದು ತಾವು ಕೇಳಿದ್ದು ನಿಜವಿರಬೇಕೆಂದು ಅವರು ಒಂದು ಗಳಿಗೆ ಅಂದುಕೊಂಡರೆಂದು ಆಮೇಲೆ ತಿಳಿಯಿತು.

ಆದದ್ದಿಷ್ಟೇ. ಯುರೋಪಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದೆ ಸರಿಸುತ್ತಾರೆ, ಮಾರ್ಚಿನ ಕೊನೆಯ ಭಾನುವಾರ ಮತ್ತೆ ಮುಂದೆ. ಅವರ ಮಧ್ಯಾಹ್ನ ಹನ್ನೆರಡು ಗಂಟೆ ಅಲ್ಲಿಯವರೆಗೆ ನಮ್ಮ ಮೂರೂವರೆಯಾಗಿತ್ತು, ಅಕ್ಟೋಬರ್ 31ರಿಂದ ನಾಲ್ಕೂವರೆಯಾಯಿತು. ಅವರಿಗೆ ಅದು ಎಷ್ಟು ಸಹಜವೆಂದರೆ ಹೇಳಬೇಕೆಂದು ಹೊಳೆಯಲಿಲ್ಲ. ಗಡಿಯಾರವನ್ನು ಹೀಗೆ ತಿರುವಬಹುದೆಂದು ನಮಗೆ ಕೇಳಬೇಕೆಂದು ಹೊಳೆಯಲಿಲ್ಲ. ಒಂದು ತಾಸಿನ ಗೈರುಹಾಜರಿಗೆ ಎರಡೂ ಕಡೆಯವರು ಎಷ್ಟು ಬೇಗ ಎಷ್ಟು ದೊಡ್ಡ ಕಾರಣಗಳನ್ನು ಕಟ್ಟಿಬಿಟ್ಟೆವು!

ಮರುದಿನ ತರಗತಿಯಲ್ಲಿ ಮೈಕೆಲ್ ಬೈರಮ್ ಎಂಬ ಇಂಗ್ಲೆಂಡಿನ ವಿದ್ವಾಂಸರ ವಿಚಾರ ಹೇಳಿದೆ. ಅವರು 1997ರಲ್ಲಿ ಬರೆದ ಪುಸ್ತಕವನ್ನು ಈ ವಿಷಯ ಕಲಿಸುವವರೆಲ್ಲ ಓದುತ್ತಾರೆ. ಬೇರೆ ಸಂಸ್ಕೃತಿಯವರೊಡನೆ ವ್ಯವಹರಿಸಲು ತಿಳುವಳಿಕೆ ಬೇಕು, ಕೌಶಲ ಬೇಕು, ಆದರೆ ಮೊದಲು ಬೇಕಾದದ್ದು ಮನಸ್ಸಿನ ಒಂದು ಸಿದ್ಧತೆ ಎನ್ನುತ್ತಾರೆ ಅವರು. ಅದಕ್ಕೆ ಎರಡು ಮುಖ. ಇನ್ನೊಬ್ಬರ ರೀತಿಯ ಬಗ್ಗೆ ನಮಗಿರುವ ಅಪನಂಬಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡುವುದು ಒಂದು. ನಮ್ಮ ರೀತಿಯ ಬಗ್ಗೆ ನಮಗಿರುವ ನಂಬಿಕೆಯನ್ನೂ ಹಾಗೆಯೇ ಬದಿಗಿಡುವುದು ಇನ್ನೊಂದು. ಕಪ್ಪು ಹಲಗೆಯ ಮೇಲೆ ಎರಡನ್ನೂ ಬರೆದು, ಕೆಳಗೆ ಗೆರೆ ಎಳೆದೆ. ಎರಡನೆಯದನ್ನು ವಿವರಿಸಲು ಗಡಿಯಾರದ ಉದಾಹರಣೆ ಕೊಟ್ಟು ಜಾಣತನದಿಂದ ಮುಗಿಸಿದೆ.

ಮುಂದಿನ ವಾರವೇ ನನ್ನ ಪಾಲಿಗೆ ಪರೀಕ್ಷೆ ಕಾದಿತ್ತು. ದೀಪಾವಳಿ ಮುಗಿದಿತ್ತು. ಆ ಮಂಗಳವಾರ ಮದುವೆ ಮತ್ತು ಹೆಸರಿನ ಮಾತು ಬಂತು. ಸ್ಪೇನಿನಲ್ಲಿ ಹೆಂಗಸರು ಮದುವೆಯಾದರೆ ಹೆಸರೂ ಬದಲಾಗದು, ಅಡ್ಡಹೆಸರೂ ಬದಲಾಗದು. ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು, ಒಂದು ಅಪ್ಪನದು, ಒಂದು ಅಮ್ಮನದು. ಯಾವುದು ಮೊದಲೆಂದು ಆರಿಸಿಕೊಳ್ಳಲು 1999ರಲ್ಲಿ ಕಾಯದೆ ಅವಕಾಶ ಕೊಟ್ಟಿತು. ಆದರೂ ತಂದೆ ತಾಯಿ ಏನೂ ಹೇಳದಿದ್ದರೆ ಅಪ್ಪನದೇ ಮೊದಲಾಗುತ್ತಿತ್ತು. ಆ ಪದ್ಧತಿ ಹೋದದ್ದು 2017ರಲ್ಲಿ. ಅವರು ಇದನ್ನು ಕೊಂಚ ಹೆಮ್ಮೆಯಿಂದಲೇ ಹೇಳಿದರು. ನಮ್ಮವರೇನು ಕಡಿಮೆ? "ಹಾಗಾದರೆ ಅಮ್ಮನ ಅಮ್ಮನ ಅಡ್ಡಹೆಸರು ಎಲ್ಲಿ ಹೋಯಿತು? ನೀವು ಬರೆದುಕೊಳ್ಳುವುದು ಅಮ್ಮನ ಅಪ್ಪನದಲ್ಲವೇ?" ಎಂದು ಹೊಸಮನಿ ಹುಡುಗಿ ಕೇಳಿದಳು. ಆ ಕಡೆ ಲೆಕ್ಕ ಹಾಕಿ ನೋಡಿ, ಹೌದಲ್ಲ ಎಂದು ಸುಮ್ಮನಾದರು.

ಆಗ ಅವರ ಅಧ್ಯಾಪಕಿ, ನನ್ನ ದೊಡ್ಡ ಕಥೆ ಬಾಕಿಯಿದೆ ಎಂದು ನೆನಪಿಸಿದರು. ನಾನು ಹೇಳಿದೆ. ಬೆಳ್ಳಿಯ ತಾಟು, ಅಕ್ಕಿ, ಉಂಗುರ, ಓಲಗ, ಎಲ್ಲವನ್ನೂ ಚೆನ್ನಾಗಿಯೇ ಬಣ್ಣಿಸಿದೆ. ಹಿತ್ತಾಳೆಯ ತಾಟು ಬೆಳ್ಳಿಯದಾದದ್ದು ಆ ಗಳಿಗೆಯಲ್ಲಿ ನನಗೇ ತಿಳಿಯಲಿಲ್ಲ. ಹೊಸ ಮನೆ, ಹೊಸ ಹೆಸರು, ಹೊಸ ಹುಟ್ಟು ಎಂದೆಲ್ಲ ಅಂದೆ. ಎಲ್ಲರೂ ತಲೆದೂಗಿದರು. ಆ ಅಜ್ಜಿಯ ಮೊಮ್ಮಗಳು ಮಾತ್ರ ಮೆಲ್ಲಗೆ ಕೇಳಿದಳು: "ನಿಮ್ಮನ್ನು ಕೇಳಿದ್ದರೇ?"

ಕೊಂಕು ಇರಲಿಲ್ಲ ಅವಳ ದನಿಯಲ್ಲಿ. ತಿಳಿದುಕೊಳ್ಳಬೇಕೆಂದು ಕೇಳಿದ ಪ್ರಶ್ನೆ. ನಾನು "ನಮ್ಮ ಸಂಸ್ಕೃತಿಯಲ್ಲಿ" ಎಂದು ಶುರು ಮಾಡಿದೆ. ಆ ಶಬ್ದ ಬಾಗಿಲ ಅಗುಳಿಯಿದ್ದಂತೆ, ಹಾಕಿಕೊಂಡರೆ ಹೊರಗಿನವರು ಒಳಗೆ ಬರುವಂತಿಲ್ಲ. ಆದರೆ ನನ್ನ ಹದಿನಾಲ್ಕು ಹುಡುಗಿಯರು ಒಳಗೇ ಇದ್ದರಲ್ಲ! ಅವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇನ್ನೆರಡು ವರ್ಷದಲ್ಲಿ ಅವರಲ್ಲಿ ಅರ್ಧ ಮಂದಿ ಅಕ್ಕಿಯ ತಾಟಿನ ಮುಂದೆ ಕೂರುವವರೇ. "ಇಲ್ಲ, ಕೇಳಿರಲಿಲ್ಲ" ಎಂದೆ. ಅಷ್ಟರಲ್ಲಿ ಹೊತ್ತಾಗಿತ್ತು. ಆ ಅಧ್ಯಾಪಕಿ ರಾತ್ರಿಯೇ ಕ್ಷಮೆ ಕೇಳಿ ಬರೆದರು. ಕ್ಷಮಿಸುವಂಥದ್ದೇನೂ ಆಗಿರಲಿಲ್ಲವೆಂದು ನಾನೂ ಬರೆದೆ.

ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದ್ದು 1988 ಅಲ್ಲ, 2019. ಮಗನ ಮದುವೆ. ಸೊಸೆ ಹಾಸನದ ಕಡೆಯವಳು. ಅವರ ಮನೆಯಲ್ಲಿ ಮದುವೆಯಲ್ಲಿ ಹೆಸರು ಬದಲಿಸುವ ರೂಢಿಯೇ ಇಲ್ಲ. ತಾಟಿನಲ್ಲಿ ಅಕ್ಕಿ ಹರಡಿದಾಗ ಅವಳ ಅಮ್ಮ ಏನೋ ಹೇಳಲು ಬಾಯಿ ತೆರೆದು, ಬೀಗರ ಮನೆಯ ಶಾಸ್ತ್ರವೆಂದು ಮುಚ್ಚಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಹೆಸರನ್ನು ಆರಿಸಿದವಳು ನಾನೇ. ಅತ್ತೆಯವರಿಗಾದರೆ ತಮ್ಮ ಹೆಸರೇ ಸೊಸೆಗೂ ಇದ್ದ ಒಂದು ಕಾರಣವಿತ್ತು. ನನಗೇನಿತ್ತು? ರೂಢಿ, ಅಷ್ಟೇ. ಸೊಸೆಯ ಎರಡು ಹೆಸರುಗಳನ್ನೂ ನಾನಿಲ್ಲಿ ಬರೆಯುವುದಿಲ್ಲ. ಅವಳನ್ನು ಕೇಳದೆ ಬರೆಯುವುದು ಸಾಕೆನಿಸಿದೆ.

ಮರುದಿನ ಬೆಳಿಗ್ಗೆ ಅವಳು ಒಗ್ಗರಣೆ ಹಾಕುತ್ತಿದ್ದಳು. ಆ ಕಾಲದಲ್ಲಿ ಅವಳ ಬೆಂಗಳೂರಿನ ಕಂಪನಿಯ ಕೆಲಸವೆಲ್ಲ ನಮ್ಮ ಮನೆಯ ಮಾಳಿಗೆಯ ಕೋಣೆಯಿಂದಲೇ. "ನಿನಗ ಯಾವ ಹೆಸರಿಂದ ಕರದ್ರ ಛಲೋ ಅನಸ್ತದವಾ?" ಎಂದು ಕೇಳಿದೆ. ಸೌಟು ಹಿಡಿದೇ ತಿರುಗಿ ನೋಡಿದಳು.

"ಎರಡು ವರ್ಷದ ಮೇಲೆ ಕೇಳ್ತಿದೀರಲ್ಲ ಅತ್ತೆ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಮ್ಮಮ್ಮ ಫೋನಲ್ಲಿ ನನ್ನ ಹೆಸರು ಕರೀವಾಗ ಧ್ವನಿ ತಗ್ಗಿಸ್ತಾರೆ, ನೀವು ಕೇಳಿಸ್ಕೊಂಡ್ರೆ ಏನಂದ್ಕೋತೀರೋ ಅಂತ. ಅದೊಂದು ನನಗೆ ಇಷ್ಟ ಆಗಲ್ಲ" ಎಂದಳು. ಸಾಸಿವೆ ಕರಕಾಗುತ್ತಿದೆಯೆಂದು ಒಲೆಯ ಕಡೆ ತಿರುಗಿದಳು.

ನಾನು ಅಂದೇ ಬೀಗಿತ್ತಿಗೆ ಫೋನು ಮಾಡಿದೆ. ಏನು ಮಾತಾಡಿದೆವೆಂದು ಇಲ್ಲಿ ಬೇಡ. ಇಬ್ಬರೂ ಸ್ವಲ್ಪ ಅತ್ತೆವು, ಬಹಳ ಹೊತ್ತು ಹಲಸಿನ ಹಪ್ಪಳದ ಬಗ್ಗೆ ಮಾತಾಡಿದೆವು. ನಮ್ಮವರಿಗೆ ಹೊಸ ವ್ಯವಸ್ಥೆ ರೂಢಿಯಾಗಲು ಒಂದು ತಿಂಗಳು ಹಿಡಿಯಿತು. ಈಗಲೂ ಅವಸರದಲ್ಲಿ ತಪ್ಪುತ್ತಾರೆ.

ಕಾಲೇಜಿನ ಮಾತು ಅರ್ಧಕ್ಕೆ ಬಿಟ್ಟೆ. ಡಿಸೆಂಬರಿನಲ್ಲಿ ನಮ್ಮ ಹುಡುಗಿಯರು ಬೋಧನಾಭ್ಯಾಸಕ್ಕೆಂದು ಶಾಲೆಗಳಿಗೆ ಹೋದರು. ತಾಂಡಾದ ಹುಡುಗಿಯ ಪಾಠ ನೋಡಲು ಹೋದಾಗ, ಆರನೆಯ ತರಗತಿಯಲ್ಲಿ ಅವಳು ಹಾಜರಿ ತೆಗೆದುಕೊಳ್ಳುತ್ತಿದ್ದಳು. ಅವಳ ಸ್ವಂತ ನೋಟುಬುಕ್ಕಿನಲ್ಲಿ ಹೆಸರಿನ ಮುಂದೆ ಇನ್ನೊಂದು ಕಂಬಸಾಲು ಎಳೆದಿದ್ದಳು: ಮನೆಯಲ್ಲಿ ಏನೆನ್ನುತ್ತಾರೆ. ಕಟ್ಟಡದ ಕೆಲಸಕ್ಕೆಂದು ಬಿಹಾರದಿಂದ ಬಂದ ಮನೆಯವರ ಹುಡುಗನೊಬ್ಬ, ಕನ್ನಡ ಇನ್ನೂ ನಾಲಿಗೆಗೆ ಹತ್ತದವನು, ತನ್ನ ಸರದಿ ಬರುವ ಮುಂಚೆಯೇ ಎದ್ದು ನಿಂತಿದ್ದ. ಪಾಠ ಯೋಜನೆಯಲ್ಲಿ ಇದಕ್ಕೆ ಅಂಕಗಳಿಲ್ಲ. ನಾನು ಎಲ್ಲಿಯೋ ಒಂದೆರಡು ಹೊಂದಿಸಿ ಕೊಟ್ಟೆ, ಅದು ನನ್ನ ಸ್ವಭಾವದ ದೋಷ.

ಇನ್ನು ಆ ನವೆಂಬರಿನ ಕೊನೆಯ ಮಂಗಳವಾರ. ನಾಲ್ಕೂವರೆಗೆ ಹತ್ತು ನಿಮಿಷವಿತ್ತು. ಕಾಲೇಜಿನ ವೈಫೈ ಕೈಕೊಟ್ಟದ್ದರಿಂದ ಅಂದು ಎಲ್ಲರೂ ನಮ್ಮ ಮನೆಯ ಪಡಸಾಲೆಯಲ್ಲೇ ಚಾಪೆ ಹಾಸಿ ಕೂತಿದ್ದರು. ಲ್ಯಾಪ್‌ಟಾಪ್ ಸರಿಮಾಡಿ ಕೊಡಲು ಸೊಸೆ ಬಂದಳು.

"ಅತ್ತೆ, ನಿಮ್ಮ ಹೆಸರು ಏನಂತ ಹಾಕ್ಲಿ?"

ನಾನು ಉತ್ತರಿಸುವ ಮೊದಲು ಹುಡುಗಿಯರೆಲ್ಲ ನನ್ನ ಕಡೆ ನೋಡಿದರು. ಐವತ್ತಾರು ವರ್ಷದವಳಿಗೆ ಯಾಕೋ ನಾಚಿಕೆಯೆನಿಸಿತು.

"ಗೋದೂ ಅಂತ ಹಾಕು" ಎಂದೆ.

"ಗೋದಾವರಿ ಅಲ್ವಾ?"

"ಅದು ಪಗಾರದಾಗ ಅದ. ಇಲ್ಲೆ ಗೋದೂ ಅಂತಿರಲಿ."

ಅವಳು ಬೆರಳಚ್ಚು ಮಾಡಿದಳು. ಕೊನೆಯ ಅಕ್ಷರ ದೀರ್ಘವೋ ಹ್ರಸ್ವವೋ ಎಂದು ಕೇಳಿದಳು. ದೀರ್ಘ ಎಂದೆ, ಅವ್ವ ಹಿತ್ತಲಿನಿಂದ ಕೂಗುತ್ತಿದ್ದಳಲ್ಲ.